ಮಂಜಿ ಹತ್ತಿದ ಮನೆ

ಕ್ರಿಸ್‌ಮಸ್ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳಿಗೆ ಮಂಗಳೂರಿನಲ್ಲಿ ಇನ್ನು ಏನು ತೋರಿಸುವುದು ಎಂದು ಎರಡು ದಿನ ಯೋಚಿಸಿದೆ. ಪಣಂಬೂರು ಬೀಚು, ಪಿಲಿಕುಳ, ಕದ್ರಿ ದೇವಸ್ಥಾನ ಎಲ್ಲ ಹಿಂದಿನ ರಜೆಗಳಲ್ಲೇ ಮುಗಿದಿದ್ದವು. ಏಳನೇ ತರಗತಿಯ ಹುಡುಗಿ, ಬರೀ ಐಸ್‌ಕ್ರೀಮಿಗೆ ಒಲಿಯುವ ವಯಸ್ಸೂ ಅಲ್ಲ. ಕೊನೆಗೆ, "ನಾಳೆ ಬೆಳಿಗ್ಗೆ ಬೇಗ ಏಳು, ಒಂದು ಮನೆ ಹಡಗು ಹತ್ತುವುದನ್ನು ನೋಡಿ ಬರೋಣ" ಎಂದೆ.

"ಮನೆ ಹಡಗು ಹತ್ತುತ್ತದಾ? ಅಜ್ಜ, ನನಗೆ ಹನ್ನೆರಡು ವರ್ಷ" ಎಂದಳು. ಆದರೆ ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಚಪ್ಪಲಿ ಹಾಕಿಕೊಂಡು ನಿಂತಿದ್ದಳು.

ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಪಶ್ಚಿಮಕ್ಕೆ ಇಳಿಜಾರಿನಲ್ಲಿ ನಡೆದರೆ ಹಳೇ ಬಂದರು. ಮೊದಲು ಮೂಗಿಗೆ ಸಿಗುತ್ತದೆ, ಆಮೇಲೆ ಕಣ್ಣಿಗೆ. ಒಣಮೀನು, ಒಣಮೆಣಸು, ಬೆಲ್ಲ, ತೆಂಗಿನ ಹುರಿ ಎಲ್ಲದರ ವಾಸನೆ ಒಂದೇ ಓಣಿಯಲ್ಲಿ. ಓಣಿ ಮುಗಿದಲ್ಲಿ ದಕ್ಕೆ, ದಕ್ಕೆಯಾಚೆ ನೀರು. ಅದು ಸಮುದ್ರ ಎಂದು ಹೊಸಬರು ತಿಳಿಯುತ್ತಾರೆ. ಅಲ್ಲ, ಅದು ಗುರುಪುರ ನದಿ. ಎದುರಿಗೆ ಕಾಣುವ ಉದ್ದನೆಯ ಮರಳದಂಡೆ ಬೆಂಗ್ರೆ. ಉತ್ತರದಿಂದ ಬರುವ ಗುರುಪುರ ನದಿ, ದಕ್ಷಿಣದಿಂದ ಬರುವ ನೇತ್ರಾವತಿ, ಎರಡೂ ಕೈಕೈ ಹಿಡಿದು ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಆ ಅಳಿವೆಯಲ್ಲಿ ಮರಳು ಕೂಡುವುದರಿಂದ ದೊಡ್ಡ ಹಡಗುಗಳು ಒಳಗೆ ಬರಲಾರವು. ನಾನು ಹುಡುಗನಾಗಿದ್ದಾಗ ಅವು ದೂರ ಸಮುದ್ರದಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ದಕ್ಕೆಯಿಂದ ದೋಣಿಗಳು ಸರಕು ಹೊತ್ತು ಅಲ್ಲಿಗೆ ಹೋಗಬೇಕಿತ್ತು. ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾದದ್ದು 1975ರ ಜನವರಿಯಲ್ಲಿ. ಅಂದಿನಿಂದ ದೊಡ್ಡವರು ಅಲ್ಲಿ, ಸಣ್ಣವರು ಇಲ್ಲಿ.

ಸಣ್ಣವರು ಎಂದರೆ ಮಂಜಿಗಳು. ಮರದ ಹೊಟ್ಟೆಯ, ಮೂತಿ ಎತ್ತಿದ ಹಡಗುಗಳು. ಹಿಂದೆ ಹಾಯಿಯ ಬಲದಿಂದ ಓಡುತ್ತಿದ್ದವು, ಈಗ ಎಂಜಿನ್ ಇದೆ. ಅಂದು ದಕ್ಕೆಯಲ್ಲಿ ನಿಂತಿದ್ದ ಒಂದು ಮಂಜಿಗೆ ಲಾರಿಯಿಂದ ಸಾಮಾನು ಏರುತ್ತಿತ್ತು. ಜಲ್ಲಿ, ಮರಳು, ಸಿಮೆಂಟು ಚೀಲ, ಕಬ್ಬಿಣದ ಸರಳು, ಬಾಗಿಲಿನ ಎರಡು ದಾರಂದ, ನೀರಿನ ಟ್ಯಾಂಕಿ. ಮಂಜಿಯ ಯಜಮಾನನಿಗೆ ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಆತ ಕೈಯಲ್ಲಿ ಚಹಾ ಲೋಟ ಹಿಡಿದು ಒಂದೊಂದು ಚೀಲವನ್ನೂ ಕಣ್ಣಲ್ಲೇ ಎಣಿಸುತ್ತಿದ್ದ. ಎಲ್ಲಿಗೆ ಎಂದು ಕೇಳಿದೆ. "ಅಮಿನಿ ದ್ವೀಪಕ್ಕೆ. ಅಲ್ಲಿ ಒಬ್ಬ ಮೇಷ್ಟ್ರು ಮನೆ ಕಟ್ಟಿಸ್ತಾ ಇದ್ದಾರೆ" ಎಂದ.

"ನೋಡಿದೆಯಾ, ಮನೆ ಹಡಗು ಹತ್ತುತ್ತಾ ಇದೆ" ಎಂದೆ ಮೊಮ್ಮಗಳಿಗೆ. ಅವಳು ಒಪ್ಪಲಿಲ್ಲ, ತಾಂಡೇಲನನ್ನೇ ಕೇಳಿದಳು: "ದ್ವೀಪ ಅಂದ್ರೆ ಸುತ್ತ ಮರಳೇ ಇರುತ್ತಲ್ಲ? ಅಲ್ಲಿಗೆ ಮರಳು ಯಾಕೆ ತಗೊಂಡು ಹೋಗ್ತೀರಿ?"

ಆತ ಚಹಾ ಕುಡಿಯುವುದನ್ನು ನಿಲ್ಲಿಸಿ ನಕ್ಕ. ನನಗೂ ಹೆಮ್ಮೆಯಾಯಿತು, ಪ್ರಶ್ನೆ ಎಂದರೆ ಹೀಗಿರಬೇಕು. ಸಮುದ್ರದ ಮರಳಿನಲ್ಲಿ ಉಪ್ಪು ಇರುತ್ತದೆ ಮಕ್ಕಳೇ. ಅದನ್ನು ಕಾಂಕ್ರೀಟಿಗೆ ಹಾಕಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದಾಗ ಗೋಡೆ, ಮಾಡು ಬಿರಿಯುತ್ತವೆ. ಅದಕ್ಕೆ ಸಿಹಿನೀರಿನ ನದಿಯ ಮರಳೇ ಬೇಕು. ಲಕ್ಷದ್ವೀಪದಲ್ಲಿ ನದಿಯೇ ಇಲ್ಲ, ಗುಡ್ಡವೂ ಇಲ್ಲ. ಅವು ಹವಳದ ದ್ವೀಪಗಳು. ಒಟ್ಟು 36, ಜನ ವಾಸಿಸುವುದು 10ರಲ್ಲಿ, ಎಲ್ಲ ಸೇರಿ ನೆಲ ಬರೀ 32 ಚದರ ಕಿಲೋಮೀಟರು. ಹಿಂದೆ ಅಲ್ಲಿನವರು ಹವಳದ ಕಲ್ಲನ್ನೇ ಕಡಿದು ಗೋಡೆ ಎಬ್ಬಿಸಿ, ಮೇಲೆ ತೆಂಗಿನ ಗರಿ ಹೊದಿಸುತ್ತಿದ್ದರು. ಆದರೆ ಹವಳದ ದಿಬ್ಬವೇ ದ್ವೀಪಕ್ಕೆ ಕೋಟೆಗೋಡೆ, ದೊಡ್ಡ ಅಲೆಗಳು ಅದಕ್ಕೆ ಬಡಿದು ಸುಸ್ತಾಗಿ ದಡಕ್ಕೆ ಬರುತ್ತವೆ. ಅದನ್ನೇ ಕಿತ್ತು ಮನೆ ಕಟ್ಟಿದರೆ ಮನೆಯನ್ನು ಕಾಯುವವರು ಯಾರು? ಈಗ ಹವಳ ಕೀಳುವುದನ್ನು ಕಾನೂನೇ ತಡೆದಿದೆ. ಹಾಗಾಗಿ ಮೇಷ್ಟ್ರ ಮನೆಯ ಜಲ್ಲಿಯೂ ಮುನ್ನೂರು ಕಿಲೋಮೀಟರು ನೀರಿನ ಮೇಲೆ ಹೋಗಬೇಕು.

ಅದೂ ಬೇಕೆಂದಾಗ ಅಲ್ಲ. ಮೇ ತಿಂಗಳ ನಡುವಿನಿಂದ ಮಳೆಗಾಲ ತಣಿಯುವವರೆಗೆ ಮಂಜಿಗಳು ಹೊರಡುವಂತಿಲ್ಲ. ಒಂದು ಚೀಲ ಸಿಮೆಂಟು ಕಡಿಮೆ ಬಿತ್ತು ಎಂದರೆ ನಮ್ಮ ಹಾಗೆ ಮೂಲೆಯಂಗಡಿಗೆ ಓಡಲಾಗದು. ಮೇಷ್ಟ್ರು ಎಷ್ಟು ಸಲ ಲೆಕ್ಕ ಹಾಕಿರಬೇಕು!

ಈ ಅಮಿನಿ ನಮಗೆ ಪರವೂರು ಏನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳನ್ನು ಟಿಪ್ಪೂ ಸುಲ್ತಾನನ ಆಳ್ವಿಕೆಯ ನಂತರವೂ ಬಹುಕಾಲ ಮಂಗಳೂರಿನಿಂದಲೇ ನೋಡಿಕೊಳ್ಳುತ್ತಿದ್ದರು. 1956ರ ನವೆಂಬರ್ 1ರವರೆಗೆ ಅವು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದವು. ಅವರು ತೆಂಗಿನ ಹುರಿ, ಕೊಬ್ಬರಿ ತರುವುದು, ಇಲ್ಲಿಂದ ಅಕ್ಕಿ ಒಯ್ಯುವುದು, ಇದು ತಲೆತಲಾಂತರದ ಕೊಡುಕೊಳ್ಳುವಿಕೆ.

ಲೋಡು ಮಾಡುವ ಕ್ರಮ ನೋಡಲು ಚೆಂದ. ಭಾರದ್ದು ಕೆಳಗೆ ಹೋಗಬೇಕು, ಇಲ್ಲವಾದರೆ ಮಂಜಿ ಅಲೆಯಲ್ಲಿ ತಲೆ ತಿರುಗಿ ಮಗುಚುತ್ತದೆ. ಆದ್ದರಿಂದ ಜಲ್ಲಿ, ಮರಳು, ಸರಳು ತಳಕ್ಕೆ. ಸಿಮೆಂಟಿಗೆ ತೇವವೇ ಶತ್ರು. ಅದು ಹಲಗೆಯ ಮೇಲೆ ಕೂತು ಟಾರ್ಪಾಲು ಹೊದ್ದುಕೊಳ್ಳಬೇಕು. ಬಾಗಿಲು, ಟ್ಯಾಂಕಿ ಎಲ್ಲಕ್ಕಿಂತ ಮೇಲೆ. ಅಂದರೆ ದ್ವೀಪದಲ್ಲಿ ಇಳಿಸುವಾಗ ಮೊದಲು ಬಾಗಿಲು ಬರುತ್ತದೆ, ಅಡಿಪಾಯದ ಜಲ್ಲಿ ಕೊನೆಗೆ! ಎಷ್ಟು ತುಂಬಬೇಕು ಎಂಬುದಕ್ಕೆ ಕಬ್ಬಿಣದ ದೊಡ್ಡ ಹಡಗುಗಳ ಪಕ್ಕೆಯಲ್ಲಿ ವೃತ್ತದೊಳಗೆ ಗೀರು ಹಾಕಿದ ಗುರುತು ಇರುತ್ತದೆ. ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸೋಲ್ ಎಂಬಾತ ಹಟ ಹಿಡಿದು 1876ರಲ್ಲಿ ಕಾನೂನು ಮಾಡಿಸಿದ ಗೆರೆ ಅದು. ಆಸೆಬುರುಕ ಮಾಲೀಕರು ಮಿತಿಮೀರಿ ತುಂಬಿ ನಾವಿಕರನ್ನು ಮುಳುಗಿಸುತ್ತಿದ್ದರಂತೆ. ನಮ್ಮ ತಾಂಡೇಲ ನೀರಿನಿಂದ ಮೇಲೆ ಎಷ್ಟು ಹಲಗೆ ಉಳಿಯಿತು ಎಂದು ಬಗ್ಗಿ ನೋಡಿ "ಸಾಕು, ನಿಲ್ಲಿಸಿ" ಎಂದ. ಇನ್ನೂ ಒಂದು ರಾಶಿ ಜಲ್ಲಿ ದಕ್ಕೆಯಲ್ಲೇ ಉಳಿಯಿತು. ಮುಂದಿನ ಮಂಜಿಗೆ.

ಸಂಜೆ ಭರತದ ನೀರು ಏರಿದ ಮೇಲೆ ಹೊರಡುವುದು ಎಂದು ತಿಳಿಯಿತು. ನಡುವಿನ ಹೊತ್ತು ಕಳೆಯಲು ದಕ್ಷಿಣಕ್ಕೆ ಹೊಯಿಗೆ ಬಜಾರಿನತ್ತ ನಡೆದೆವು. ಹೊಯಿಗೆ ಎಂದರೆ ಮರಳು. ಈ ನದಿದಂಡೆಯುದ್ದಕ್ಕೂ, ಆಚೆ ಜಪ್ಪುವಿನವರೆಗೂ, ಒಂದು ಕಾಲಕ್ಕೆ ಹೆಂಚಿನ ಕಾರ್ಖಾನೆಗಳ ಚಿಮಣಿಗಳು ಸಾಲಾಗಿ ಹೊಗೆ ಬಿಡುತ್ತಿದ್ದವು. ಈಗ ಅಲ್ಲೊಂದು ಇಲ್ಲೊಂದು ಚಿಮಣಿ ಹೊಗೆಯಿಲ್ಲದೆ ನಿಂತಿದೆ, ನೆತ್ತಿಯ ಮೇಲೆ ಅರಳಿ ಗಿಡ. ಇಲ್ಲಿಗೆ ಬಂದರೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ನನ್ನ ಅಮ್ಮ ಇಲ್ಲಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಹೆಂಚು ಹೊತ್ತವಳು.

ಮಂಗಳೂರು ಹೆಂಚಿನ ಕಥೆ ನಿಮ್ಮ ಅಜ್ಜ ಅಜ್ಜಿಗೆ ಗೊತ್ತಿರುತ್ತದೆ, ಆದರೂ ಸ್ವಲ್ಪ ಹೇಳುತ್ತೇನೆ. ಮೊದಲು ನಮ್ಮಲ್ಲಿ ಮುಳಿಹುಲ್ಲಿನ ಮಾಡು, ಉಳ್ಳವರಿಗೆ ಕುಂಬಾರರು ಮಾಡುವ ಅರ್ಧದುಂಡಗಿನ ನಾಡಹೆಂಚು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅಚ್ಚುಕೂಟ, ನೇಯ್ಗೆ ಎಲ್ಲ ಆರಂಭಿಸಿದರು. ಅವರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ತಂತ್ರಜ್ಞ 1865ರಲ್ಲಿ ಜಪ್ಪುವಿನಲ್ಲಿ ನೇತ್ರಾವತಿಯ ಜೇಡಿಮಣ್ಣಿನಿಂದ ಹೆಂಚು ಒತ್ತುವ ಕಾರ್ಖಾನೆ ತೆರೆದ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವ ಹೆಂಚು ಅದು. ಇಂಥ ಹೆಂಚನ್ನು 1841ರಲ್ಲಿ ಕಂಡುಹಿಡಿದವರು ಬಾಸೆಲ್ ನಗರಕ್ಕೆ ಹತ್ತಿರದ ಅಲ್ಸಾಸ್ ಪ್ರಾಂತದ ಜಿಲಾರ್ದೋನಿ ಸಹೋದರರು. ನಮ್ಮ ಮಳೆಗೆ ಇದಕ್ಕಿಂತ ಒಳ್ಳೆಯ ಟೋಪಿ ಇಲ್ಲ. ಬೇಗ ಬೇಗ ಊರಿನ ಉದ್ಯಮಿಗಳೂ ಕಾರ್ಖಾನೆ ಹಾಕಿದರು. ಮಣ್ಣು ನದಿಯಲ್ಲಿ ದೋಣಿಯಿಂದ ಬರುತ್ತಿತ್ತು, ಸುಟ್ಟ ಹೆಂಚು ಅದೇ ನದಿಯಲ್ಲಿ ಮಂಜಿ ಏರಿ ಹೋಗುತ್ತಿತ್ತು. ಮುಂಬಯಿಗೆ, ಸಿಂಹಳಕ್ಕೆ, ಬರ್ಮಾಕ್ಕೆ, ಪೂರ್ವ ಆಫ್ರಿಕಾಕ್ಕೆ, ಆಸ್ಟ್ರೇಲಿಯಾದವರೆಗೂ ಹೋದದ್ದುಂಟು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನರು ಶತ್ರುಗಳೆನಿಸಿ ಮಿಷನ್ನಿನ ಕಾರ್ಖಾನೆಗಳು ಕೈ ಬದಲಾದವು, ಹೆಂಚು ಮಾತ್ರ ಹೋಗುತ್ತಲೇ ಇತ್ತು.

ಹೆಂಚಿನಷ್ಟು ಅಗ್ಗದ, ಭಾರದ ವಸ್ತುವನ್ನು ಅಷ್ಟು ದೂರ ಕಳಿಸಿದರೆ ಕಟ್ಟುಬಡಿಯುತ್ತದೆಯೇ? ಕಾಮರ್ಸ್ ಓದಿದವನಿಗೆ ಇದೇ ಮೊದಲ ಪ್ರಶ್ನೆ. ಮೊಮ್ಮಗಳಿಗೆ ಅಲ್ಲೇ ಗೋಡೆಯ ಮೇಲೆ ಇಟ್ಟಿಗೆ ಚೂರಿನಿಂದ ಲೆಕ್ಕ ಹಾಕಿಸಿದೆ. ಒಂದು ಹೆಂಚು ಸುಮಾರು ಎರಡೂವರೆ ಕಿಲೋ. ಒಂದು ಸಾಧಾರಣ ಮನೆಗೆ 1,600 ಹೆಂಚು ಎಂದರೆ 4,000 ಕಿಲೋ, ನಾಲ್ಕು ಟನ್ನು. ನೂರು ಟನ್ನಿನ ಮಂಜಿಯಲ್ಲಿ 40,000 ಹೆಂಚು, ಇಪ್ಪತ್ತೈದು ಮನೆಗಳ ಮಾಡು. ಎತ್ತಿನ ಗಾಡಿಯಲ್ಲಿ ಅಷ್ಟನ್ನು ಘಟ್ಟ ಹತ್ತಿಸಲು ಎಷ್ಟು ಗಾಡಿ, ಎಷ್ಟು ಹುಲ್ಲು ಬೇಕು? ನೀರು ಭಾರವನ್ನು ಪುಕ್ಕಟೆ ಹೊರುತ್ತದೆ, ನಾವು ದೂಡಿದರೆ ಸಾಕು. ಹಡಗಿನವರು ಬಾಡಿಗೆ ಕೇಳುವ ಪದ್ಧತಿಯೂ ಜಾಣತನದ್ದು. ಒಂದು ಟನ್ನು ತೂಕಕ್ಕೆ ಇಷ್ಟು ಅಥವಾ ಒಂದು ಘನ ಮೀಟರು ಜಾಗಕ್ಕೆ ಇಷ್ಟು, ಯಾವುದು ಅವರಿಗೆ ಲಾಭವೋ ಅದು. ಹತ್ತಿಗೆ ಜಾಗದ ಲೆಕ್ಕ, ಹೆಂಚಿಗೆ ತೂಕದ ಲೆಕ್ಕ. ಈಗ ನಮ್ಮ ಚಾಮರಾಜನಗರದ ಕಪ್ಪು ಗ್ರಾನೈಟು ಇಪ್ಪತ್ತು ಅಡಿಯ ಕಂಟೇನರಿನಲ್ಲಿ ವಿದೇಶಕ್ಕೆ ಹೋಗುತ್ತದಲ್ಲ, ಆ ಪೆಟ್ಟಿಗೆಯೊಳಗೆ ಸುಮಾರು 33 ಘನ ಮೀಟರು ಜಾಗ ಇದ್ದರೂ ಕಲ್ಲು ಹತ್ತು ಘನ ಮೀಟರು ತುಂಬುವಷ್ಟರಲ್ಲಿ ತೂಕದ ಮಿತಿ ಮುಗಿದಿರುತ್ತದೆ. ಉಳಿದದ್ದೆಲ್ಲ ಗಾಳಿ.

ಆದರೆ ಹೆಂಚು ಒಡೆಯುತ್ತದೆ. ಅಲ್ಲಿ ಅಮ್ಮನಂಥವರ ಕೈ ಬೇಕು. ಹೆಂಚನ್ನು ಮಲಗಿಸಿ ಪೇರಿಸಿದರೆ ಕೆಳಗಿನವು ಬಿರಿಯುತ್ತವೆ. ಅಂಚಿನ ಮೇಲೆ ನಿಲ್ಲಿಸಿ, ನಡುವೆ ಬೈಹುಲ್ಲು ತುರುಕಿ, ಅಲುಗದ ಹಾಗೆ ಬಿಗಿಯಾಗಿ ಜೋಡಿಸಬೇಕು. ಎಂಟು ಹತ್ತು ಹೆಂಚು ತಲೆಯ ಮೇಲೆ ಹೊತ್ತು, ಅಲುಗಾಡುವ ಹಲಗೆಯ ಮೇಲೆ ನಡೆದು ಮಂಜಿ ಹತ್ತುವ ಹೆಂಗಸರನ್ನು ನಾನು ಕಂಡಿದ್ದೇನೆ. ಮಧ್ಯಾಹ್ನ ಅಮ್ಮನಿಗೆ ಗಂಜಿ ಬುತ್ತಿ ಒಯ್ಯುವುದು ನನ್ನ ಕೆಲಸ. ಒಂದು ದಿನ, ಎರಡನೇ ತರಗತಿಯಲ್ಲಿದ್ದೆ, ಅಮ್ಮ ಹೆಂಚು ಮಗುಚಿ ಹಿಂಭಾಗ ತೋರಿಸಿ, "ಏನು ಬರೆದಿದೆ ಓದು ಮಗಾ, ಶಾಲೆಗೆ ಹೋಗುತ್ತೀಯಲ್ಲ" ಎಂದಳು. ನನಗೆ ಕನ್ನಡ ಅಕ್ಷರವಷ್ಟೇ ಗೊತ್ತು, ಅದು ಇಂಗ್ಲಿಷು. ಸುತ್ತಲಿನ ಹೆಂಗಸರೆಲ್ಲ ನೋಡುತ್ತಿದ್ದರು. ಬಹಳ ನಾಚಿಕೆಯಾಯಿತು. ಐದನೇ ತರಗತಿಯಲ್ಲಿ ಇಂಗ್ಲಿಷ್ ಅಕ್ಷರ ಕಲಿತ ವಾರವೇ ಓಡಿಹೋಗಿ ಓದಿದೆ. ಮೇಲಿನ ಸಾಲು ಕಾರ್ಖಾನೆಯ ಹೆಸರು, ಕೆಳಗಿನದು "ಮಂಗಳೂರು". "ಇಷ್ಟೇನಾ? ಎಲ್ಲಿಗೆ ಹೋಗುತ್ತದೆ ಅಂತ ಬರೆದಿಲ್ಲವಾ?" ಎಂದಳು ಅಮ್ಮ.

ಎಲ್ಲಿಗೆ ಹೋಗುತ್ತದೆ ಎಂದು ನಾನು ಅವಳಿಗೆ ಹೇಳಿದ್ದು ಬ್ಯಾಂಕು ಸೇರಿದ ಮೇಲೆ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ 1974ರಲ್ಲಿ ಗುಮಾಸ್ತನಾದೆ, ಮುಂದಿನ ವರ್ಷ ವಿದೇಶೀ ಬಿಲ್ಲುಗಳ ವಿಭಾಗಕ್ಕೆ ಹಾಕಿದರು. ಅಲ್ಲಿ ನನ್ನ ಕೈಗೆ ಬರುತ್ತಿದ್ದದ್ದು ಬಿಲ್ ಆಫ್ ಲೇಡಿಂಗ್ ಎಂಬ ಕಾಗದ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟರೆ ಟೋಕನ್ ಕೊಡುತ್ತಾರಲ್ಲ, ಅಂಥದ್ದು. ಸರಕು ಹಡಗಿಗೆ ಏರಿದಾಗ ಹಡಗಿನವರು ಕೊಡುವ ಚೀಟಿ. ದೂರದ ಬಂದರಿನಲ್ಲಿ ಈ ಕಾಗದ ತೋರಿಸಿದವನಿಗೇ ಸರಕು. ಮೂರು ಮೂಲ ಪ್ರತಿ ಇರುತ್ತವೆ, ಒಂದನ್ನು ತೋರಿಸಿ ಬಿಡಿಸಿಕೊಂಡರೆ ಉಳಿದೆರಡು ರದ್ದು. ನಾವು ಅವನ್ನು ಬೇರೆ ಬೇರೆ ದಿನದ ಅಂಚೆಯಲ್ಲಿ ಕಳಿಸುತ್ತಿದ್ದೆವು, ಒಂದು ಚೀಲ ಕಳೆದುಹೋದರೂ ಇನ್ನೊಂದು ಮುಟ್ಟಲಿ ಎಂದು. ಅತ್ತ ಕೊಳ್ಳುವವನ ಬ್ಯಾಂಕು ಮೊದಲೇ ಪತ್ರ ಬರೆದಿರುತ್ತದೆ: ಇಂಥ ಸರಕು ಇಂಥ ತಾರೀಕಿನೊಳಗೆ ಹಡಗು ಹತ್ತಿದ್ದಕ್ಕೆ ಕಾಗದ ತೋರಿಸಿ, ಹಣ ಕೊಡುತ್ತೇವೆ. ಕೊಳ್ಳುವವನು ಮಾರುವವನ ಮುಖ ನೋಡಿಲ್ಲ, ಮಾರುವವನು ಅವನ ಊರು ನೋಡಿಲ್ಲ. ನಡುವೆ ನಂಬಿಕೆಗೆ ಇರುವುದು ಈ ಕಾಗದ, ಅದನ್ನು ಓದುವ ಗುಮಾಸ್ತನ ಕಣ್ಣು.

ಸಂಜೆ ಮನೆಗೆ ಹೋದರೆ ಅಮ್ಮ ಕೇಳುತ್ತಿದ್ದಳು, "ಈಗ ಎಲ್ಲಿಗೆ ಮುಟ್ಟಿರಬಹುದು?" ನಾನು ಅಟ್ಲಾಸ್ ತೆಗೆದು ಬೆರಳಿಡುತ್ತಿದ್ದೆ.

1977ರ ಮೇ ತಿಂಗಳಲ್ಲಿ ಅಮ್ಮ ದುಡಿಯುತ್ತಿದ್ದ ಕಾರ್ಖಾನೆಯದೇ ಒಂದು ಬಿಲ್ಲು ನನ್ನ ಮೇಜಿಗೆ ಬಂತು. ಊರಿನ ಹೆಸರು ಹೇಳುವುದಿಲ್ಲ, ಬ್ಯಾಂಕಿನವನ ಬಾಯಿಗೆ ನಿವೃತ್ತಿಯ ಮೇಲೂ ಬೀಗ. ಮೇ 20ರೊಳಗೆ ಹೆಂಚು ಹಡಗು ಹತ್ತಿರಬೇಕು ಎಂಬುದು ಷರತ್ತು. ಕಾಗದದ ಕೆಳಗೆ ಟೈಪಾಗಿದ್ದ ತಾರೀಕು 19. ಸರಿ ಎಂದು ಗುರುತು ಹಾಕಿದೆ. ಶುಕ್ರವಾರ ಸಂಜೆ, ಸಿನೆಮಾಕ್ಕೆ ಹೋಗುವ ಅವಸರವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅದೇ ಕಾಗದದ ಮೂಲೆಯಲ್ಲಿ ಮಾಸಲು ರಬ್ಬರ್ ಮೊಹರು ಇತ್ತು, 'ಹಡಗಿಗೆ ಏರಿದ್ದು: 22'. 19 ಎನ್ನುವುದು ಸರಕು ಬಂದರಿಗೆ ಮುಟ್ಟಿದ ದಿನ ಮಾತ್ರ. ನಾನು ಕಂಡಿದ್ದರೆ ಕಾಗದ ಕಳಿಸುವ ಮೊದಲೇ ಕಾರ್ಖಾನೆಯವರಿಗೆ ತಿಳಿಸಬಹುದಿತ್ತು. ಅವರು ತಂತಿ ಕಳಿಸಿ ತಾರೀಕು ತಿದ್ದಿಸಿಕೊಳ್ಳುತ್ತಿದ್ದರು. ಕಾಣಲಿಲ್ಲ. ಆಚೆಯ ಬ್ಯಾಂಕಿನ ಗುಮಾಸ್ತ ಕಂಡ. ಹಣ ನಿಂತಿತು. ಹೆಂಚು ಆ ಬಂದರಿನ ಅಂಗಳದಲ್ಲಿ ಕೂತು ದಿನದಿನಕ್ಕೆ ಬಾಡಿಗೆ ಬೆಳೆಯಿತು. ಕೊಳ್ಳುವವನು ಇದೇ ಸಮಯ ಎಂದು ಬೆಲೆ ಇಳಿಸಲು ಹಟ ಹಿಡಿದ. ಆರು ವಾರ ಕಳೆದು, ಕಡಿಮೆ ಹಣಕ್ಕೆ ಮುಗಿಯಿತು.

ಮ್ಯಾನೇಜರು ಬಾಗಿಲು ಹಾಕಿ ಬೈದರು, ಅದು ದೊಡ್ಡದಲ್ಲ. ಜೂನಿನಲ್ಲಿ ಒಂದು ಶನಿವಾರ ಅಮ್ಮ ಬರಿಗೈಯಲ್ಲಿ ಬಂದಳು. "ಬಟವಾಡೆ ಆಗಲಿಲ್ಲ. ದುಡ್ಡು ಕಡಲಲ್ಲಿ ಸಿಕ್ಕಿಬಿದ್ದಿದೆಯಂತೆ" ಎಂದಳು. ಮುಂದಿನ ಶನಿವಾರವೂ ಇಲ್ಲ. ನಮಗೆ ನನ್ನ ಸಂಬಳ ಇತ್ತು. ಅವಳ ಜೊತೆಗಾರ್ತಿಯರಿಗೆ ಏನಿತ್ತು? ಇಬ್ಬರು ಹೆಂಗಸರು ಮಳೆಯಲ್ಲಿ ನೆನೆದುಕೊಂಡು ನಮ್ಮ ಮನೆಗೆ ಬಂದರು. ಅಮ್ಮ ಅಕ್ಕಿ ಡಬ್ಬಿ ತೆರೆದು ಸೇರಿನಲ್ಲಿ ಅಳೆದು ಕೊಟ್ಟಳು, "ಲಾಭ, ಎರಡು, ಮೂರು" ಎಂದು ಎಣಿಸುತ್ತಾ. ನಾನು ಒಳಗೆ ಊಟಕ್ಕೆ ಕೂತಿದ್ದೆ. ತುತ್ತು ಇಳಿಯಲಿಲ್ಲ, ಏಳಲೂ ಇಲ್ಲ.

"ಮುತ್ತಜ್ಜಿಗೆ ಹೇಳಿದಿರಾ?" ಎಂದು ಕೇಳಿದಳು ಮೊಮ್ಮಗಳು.

"ಇಲ್ಲ."

"ಯಾವತ್ತೂ?"

"ಯಾವತ್ತೂ."

ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗೋಡೆಯ ಬುಡದಲ್ಲಿ ಬಿದ್ದಿದ್ದ ಒಂದು ಹೆಂಚಿನ ತುಂಡನ್ನು ಮಗುಚಿ ನೋಡಿದಳು. ಅರ್ಧ ಅಕ್ಷರಗಳಷ್ಟೇ ಉಳಿದಿದ್ದವು. ಅಳಿದದ್ದನ್ನು ಸೇರಿಸಿ ಜೋರಾಗಿ ಓದಿದಳು: "ಮಂಗಳೂರು." ಅದನ್ನು ಚೀಲಕ್ಕೆ ಹಾಕಿಕೊಂಡಳು. ಬೆಂಗಳೂರಿಗೆ ಒಯ್ಯುತ್ತಾಳಂತೆ. ನಾನು ಭಾರ ಎನ್ನಲಿಲ್ಲ.

ಸಂಜೆ ಮತ್ತೆ ದಕ್ಕೆಗೆ ಬಂದಾಗ ನೀರು ಏರಿತ್ತು. ತಾಂಡೇಲ ಕಾಗದ ಹಿಡಿದು ಕೊನೆಯ ಸಲ ಸರಕು ತಾಳೆ ನೋಡುತ್ತಿದ್ದ. ಮೊಮ್ಮಗಳು ಪಕ್ಕಕ್ಕೆ ಹೋಗಿ ನಿಂತು, "ಮೂಲೆಯಲ್ಲಿ ಮೊಹರು ಇದ್ದರೆ ಅದನ್ನೂ ನೋಡಿ" ಎಂದಳು. ಆತನಿಗೆ ಅರ್ಥವಾಗಲಿಲ್ಲ, ಆದರೂ ಕಾಗದವನ್ನು ಒಮ್ಮೆ ತಿರುಗಿಸಿ ನೋಡಿದ. ಹಗ್ಗ ಬಿಚ್ಚಿದರು. ಮೇಷ್ಟ್ರ ಮನೆ, ಎಲ್ಲಕ್ಕಿಂತ ಮೇಲೆ ಬಾಗಿಲಿನ ದಾರಂದ ಹೊತ್ತುಕೊಂಡು, ಬೆಂಗ್ರೆಯ ಪಕ್ಕದಿಂದ ಅಳಿವೆಯತ್ತ ಹೊರಟಿತು.

ಮರುದಿನ ಬೆಳಿಗ್ಗೆ ನೀರುದೋಸೆ ತಿನ್ನುತ್ತಾ ಅವಳು ಕೇಳಿದಳು, "ಅಜ್ಜ, ಈಗ ಎಲ್ಲಿಗೆ ಮುಟ್ಟಿರಬಹುದು?"

ನಾನು ಎದ್ದು ಹೋಗಿ ಹಳೆಯ ಅಟ್ಲಾಸನ್ನು ಹುಡುಕಿದೆ.